ಅಧ್ಯಯನ ಮಂಡಳಿಯಲ್ಲಿ ಮೂರು ವರ್ಷ: ಉದ್ಯಮಬಾಗದಿಂದ ಹೋದವಳ ರಿವ್ಯೂ

ಮೂರು ವರ್ಷದ ಹಿಂದೆ ಬೆಳಗಾವಿಯ ಒಂದು ಇಂಜಿನಿಯರಿಂಗ್ ಕಾಲೇಜಿನಿಂದ ಪತ್ರ ಬಂತು. ಮೆಕ್ಯಾನಿಕಲ್ ವಿಭಾಗದ ಅಧ್ಯಯನ ಮಂಡಳಿಗೆ ಉದ್ಯಮದ ಕಡೆಯ ಸದಸ್ಯೆಯಾಗಿ ಬರಬೇಕು ಅಂತ. ಕಾಲೇಜಿನವರು ಇದನ್ನು ಬಿಓಎಸ್ ಅನ್ನುತ್ತಾರೆ, ಬೋರ್ಡ್ ಆಫ್ ಸ್ಟಡೀಸ್. ನಮ್ಮದು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಚಿಕ್ಕ ಫೌಂಡ್ರಿ. ಅಪ್ಪಾಜಿ ಮರದ ಪ್ಯಾಟರ್ನ್, ಅಂದರೆ ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿ, ಮಾಡುವ ಅಂಗಡಿಯಿಂದ ಶುರು ಮಾಡಿದ್ದು, ಈಗ ನಾನು ಮತ್ತು ತಮ್ಮ ನಡೆಸುತ್ತೇವೆ. ಪಂಪಿನ ಬಾಡಿ, ವಾಲ್ವಿನ ಬಾಡಿ, ಟ್ರ್ಯಾಕ್ಟರಿನ ಬ್ರ್ಯಾಕೆಟ್, ಇಂಥವನ್ನು ಎರಕ ಹೊಯ್ಯುತ್ತೇವೆ. ಮರಳಿನ ಪರೀಕ್ಷೆ, ಲೋಹದ ಪರೀಕ್ಷೆ, ರಿಜೆಕ್ಷನ್ ಅಂದರೆ ಕೆಟ್ಟ ತುಂಡುಗಳ ಲೆಕ್ಕ ನನ್ನ ಕೆಲಸ.

ಇಂಥ ಪತ್ರ ನಮ್ಮ ಸುತ್ತಮುತ್ತ ಇನ್ನೂ ಕೆಲವರಿಗೆ ಬಂದಿದೆ. "ಹೋಗಬೇಕಾ? ಏನಾದರೂ ಉಪಯೋಗ ಇದೆಯಾ?" ಅಂತ ನನ್ನನ್ನು ಕೇಳುತ್ತಾರೆ. ಮಕ್ಕಳನ್ನು ಸೇರಿಸುವ ತಂದೆತಾಯಿಗಳು ಕಟ್ಟಡ ನೋಡುತ್ತಾರೆ, ಹಾಸ್ಟೆಲ್ ನೋಡುತ್ತಾರೆ, ಪ್ಲೇಸ್‌ಮೆಂಟ್ ಎಷ್ಟು ಅಂತ ಕೇಳುತ್ತಾರೆ. ಸಿಲೆಬಸ್ ಯಾರು ಬರೆಯುತ್ತಾರೆ, ಅದನ್ನು ಯಾರು ತಿದ್ದುತ್ತಾರೆ ಅಂತ ಕೇಳುವವರನ್ನು ನಾನು ಕಂಡಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕೆಲವು ತಪ್ಪುಗಳನ್ನೂ ಹೇಳಬೇಕು, ಹಾಗಾಗಿ ಕಾಲೇಜಿನ ಹೆಸರು ಬೇಡ.

ಮೊದಲು ವ್ಯವಸ್ಥೆ ಹೇಗಿದೆ ಅಂತ ಸ್ವಲ್ಪ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ವಿಟಿಯು, 1998ರಲ್ಲಿ ಶುರುವಾಯಿತು. ಅದರ ಕ್ಯಾಂಪಸ್ ಜ್ಞಾನಸಂಗಮ ನಮ್ಮ ಇದೇ ಖಾನಾಪುರ ರಸ್ತೆಯಲ್ಲಿ ಮುಂದೆ, ಮಚ್ಛೆಯಲ್ಲಿದೆ. ಸಾಮಾನ್ಯ ಕಾಲೇಜುಗಳಿಗೆ ಸಿಲೆಬಸ್ ಅಲ್ಲಿಂದಲೇ ಬರುತ್ತದೆ. ಸ್ವಾಯತ್ತ ಕಾಲೇಜುಗಳು ಮಾತ್ರ ತಮ್ಮ ಸಿಲೆಬಸ್ ತಾವೇ ಬರೆದುಕೊಳ್ಳಬಹುದು, ಪ್ರಶ್ನೆಪತ್ರಿಕೆ ತಾವೇ ತೆಗೆಯಬಹುದು. ಡಿಗ್ರಿ ಕೊಡುವುದು ವಿಶ್ವವಿದ್ಯಾಲಯವೇ. ಹೀಗೆ ಸ್ವಾತಂತ್ರ್ಯ ಸಿಕ್ಕಿದ ಮೇಲೆ ವಿಭಾಗದವರು ತಮ್ಮಷ್ಟಕ್ಕೆ ತಾವೇ ಬರೆದು ಮುಗಿಸಬಾರದು ಅಂತ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ನಿಯಮ ಮಾಡಿದೆ. ವಿಭಾಗದ ಮುಖ್ಯಸ್ಥರು ಮಂಡಳಿಯ ಅಧ್ಯಕ್ಷರು. ವಿಭಾಗದ ಅಧ್ಯಾಪಕರು ಇರುತ್ತಾರೆ. ಹೊರಗಿನ ಇಬ್ಬರು ವಿಷಯತಜ್ಞರು, ಕುಲಪತಿ ನೇಮಿಸುವ ಇನ್ನೊಬ್ಬ ತಜ್ಞರು, ಉದ್ಯಮದಿಂದ ಒಬ್ಬರು, ಒಬ್ಬ ಹಳೆಯ ವಿದ್ಯಾರ್ಥಿ. ವರ್ಷಕ್ಕೆ ಕನಿಷ್ಠ ಎರಡು ಸಭೆ. ಇಲ್ಲಿ ಒಪ್ಪಿದ್ದು ಅಕಾಡೆಮಿಕ್ ಕೌನ್ಸಿಲ್‌ಗೆ ಹೋಗುತ್ತದೆ. ಅಲ್ಲಿ ಒಪ್ಪಿಗೆ ಸಿಕ್ಕರೆ ಮಾತ್ರ ಕ್ಲಾಸಿಗೆ ಬರುತ್ತದೆ. ಉದ್ಯಮದ ಆ ಒಂದು ಕುರ್ಚಿ ನನ್ನದು.

ಮೊದಲ ಸಭೆ ನನಗೆ ಬೇಸರ ತಂದಿತು. ಬೆಳಿಗ್ಗೆ ಹನ್ನೊಂದಕ್ಕೆ ಸಭೆ, ಕರಡು ಬಂದಿದ್ದು ಹಿಂದಿನ ರಾತ್ರಿ ಒಂಬತ್ತಕ್ಕೆ. ನೂರಕ್ಕೂ ಜಾಸ್ತಿ ಪುಟ. ಊಟ ಮುಗಿಸಿ ಓದಲು ಕೂತೆ, ಮೂರನೇ ಸೆಮಿಸ್ಟರ್ ದಾಟುವಷ್ಟರಲ್ಲಿ ಹನ್ನೆರಡು ಗಂಟೆ. ಮರುದಿನ ಎರಡು ತಾಸಿನಲ್ಲಿ ನಾಲ್ಕು ಸೆಮಿಸ್ಟರ್ ಮುಗಿಯಿತು. ಪರದೆಯ ಮೇಲೆ ಪುಟಗಳು ಸರಿದವು. "ಎನಿ ಸಜೆಷನ್ಸ್?" ಅಂತ ಕೇಳಿದರು. ನಾವು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಪುಟ. ಚಹಾ, ಅವಲಕ್ಕಿ ಬಂತು, ಅದರ ಜೊತೆಗೇ ಸಹಿ ಮಾಡುವ ಹಾಳೆಯೂ ಬಂತು. ಇನ್ನೂ ಎರಡು ವಿಷಯ ಬಾಕಿ ಇತ್ತು.

ಆ ದಿನ ನನ್ನ ಕಣ್ಣು ನಿಂತಿದ್ದು ಒಂದು ಕೋಷ್ಟಕದ ಮೇಲೆ. ಪ್ರತಿ ವಿಷಯದ ಕೊನೆಗೂ ಅದು ಇರುತ್ತದೆ. ಎಡಗಡೆ ಸಿಓಗಳು, ಅಂದರೆ ಈ ವಿಷಯ ಓದಿದ ಮೇಲೆ ವಿದ್ಯಾರ್ಥಿಗೆ ಏನು ಬರಬೇಕು ಅನ್ನುವ ನಾಲ್ಕೈದು ವಾಕ್ಯ. ಮೇಲುಗಡೆ ಪಿಓಗಳು, ಅಂದರೆ ಇಡೀ ಡಿಗ್ರಿ ಮುಗಿದಾಗ ಏನು ಬರಬೇಕು ಅನ್ನುವುದು. ಇದಕ್ಕೂ ಅದಕ್ಕೂ ಎಷ್ಟು ಸಂಬಂಧ ಅಂತ ಪ್ರತಿ ಚೌಕದಲ್ಲೂ 1, 2 ಅಥವಾ 3 ಬರೆಯಬೇಕು. ಸಂಬಂಧ ಇಲ್ಲದಿದ್ದರೆ ಖಾಲಿ ಬಿಡಬೇಕು. ಒಂದು ದೇಶದ ಇಂಜಿನಿಯರಿಂಗ್ ಡಿಗ್ರಿಯನ್ನು ಇನ್ನೊಂದು ದೇಶ ಒಪ್ಪುವ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2014ರಲ್ಲಿ ಪೂರ್ಣ ಸದಸ್ಯ ದೇಶವಾದ ಮೇಲೆ, ಇಂಜಿನಿಯರಿಂಗ್ ಕೋರ್ಸುಗಳನ್ನು ಪರಿಶೀಲಿಸುವ ಎನ್‌ಬಿಎ ಮಂಡಳಿಯ ಮಾನ್ಯತೆ ಬೇಕಾದ ಎಲ್ಲ ಕಾಲೇಜುಗಳಿಗೂ ಈ ಕೆಲಸ ತಪ್ಪಿದ್ದಲ್ಲ. ಯೋಚನೆ ಒಳ್ಳೆಯದೇ. ಕಲಿಸಿದ್ದರಿಂದ ಏನು ಬಂತು ಅಂತ ಕೇಳುವ ಪದ್ಧತಿ ಅದು. ಆದರೆ ನಾನು ನೋಡಿದ ಕೋಷ್ಟಕದಲ್ಲಿ ಎಲ್ಲೆಲ್ಲೂ 3. ಉತ್ಪಾದನಾ ವಿಧಾನಗಳ ವಿಷಯದಲ್ಲಿ "ಎರಕದ ದೋಷಗಳನ್ನು ವಿಶ್ಲೇಷಿಸುವರು" ಅನ್ನುವ ಸಿಓ ಇತ್ತು, ಅದರ ಪಕ್ಕ 3. ಅದೇ ವಿಷಯದಲ್ಲಿ ದೋಷಗಳಿಗೆ ಇಟ್ಟಿದ್ದು ಒಂದೇ ತಾಸು. ಲ್ಯಾಬಿನಲ್ಲಿ ದೋಷ ಇರುವ ಒಂದು ಎರಕದ ತುಂಡೂ ಇರಲಿಲ್ಲ. ನೋಡದ ದೋಷವನ್ನು ಹುಡುಗ ಹೇಗೆ ವಿಶ್ಲೇಷಿಸುತ್ತಾನೆ?

ಅಪ್ಪಾಜಿ ಪ್ಯಾಟರ್ನ್ ಮಾಡುವಾಗ ಬೇರೆಯದೇ ಒಂದು ಸ್ಕೇಲ್ ಇಟ್ಟುಕೊಳ್ಳುತ್ತಿದ್ದರು. ಬೀಡು ಕಬ್ಬಿಣ ಗಟ್ಟಿಯಾಗಿ ತಣ್ಣಗಾಗುವಾಗ ಸುಮಾರು ನೂರಕ್ಕೆ ಒಂದು ಭಾಗ ಕುಗ್ಗುತ್ತದೆ. ಒಂದು ಮೀಟರ್ ತುಂಡು ಬೇಕಾದರೆ ಪ್ಯಾಟರ್ನ್ 1,010 ಮಿಲಿಮೀಟರ್ ಇರಬೇಕು. ಆ ಸ್ಕೇಲಿನಲ್ಲಿ ಗೆರೆಗಳೇ ಅಷ್ಟು ಹಿಗ್ಗಿ ಬಿದ್ದಿರುತ್ತವೆ. ಸಾದಾ ಸ್ಕೇಲ್ ಹಿಡಿದು ಪ್ಯಾಟರ್ನ್ ಮಾಡಿದರೆ ಅದರಿಂದ ಹೊಯ್ದ ಪ್ರತಿ ತುಂಡೂ ಚಿಕ್ಕದು. ನೂರು ಹೊಯ್ದರೆ ನೂರೂ ಹಾಳು. ಸಿಲೆಬಸ್ ಕೂಡ ಹಾಗೇ ಅಂತ ಆ ದಿನ ಮನೆಗೆ ಬರುವಾಗ, ರೈಲ್ವೆ ಗೇಟಿನ ಹತ್ತಿರ ಗಾಡಿ ನಿಲ್ಲಿಸಿಕೊಂಡು ಕಾಯುವಾಗ ಅನ್ನಿಸಿತು. ಒಂದು ಸಲ ತಪ್ಪಿದರೆ ಆ ಬ್ಯಾಚಿನ ಎಲ್ಲ ಹುಡುಗರಿಗೂ ಅದೇ ತಪ್ಪು ಹೋಗುತ್ತದೆ.

ಮರುದಿನವೇ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಮೂರು ಮಾತು ಹೇಳಿದೆ. ಕರಡು ಹದಿನೈದು ದಿನ ಮೊದಲು ಕಳಿಸಿ. ಒಂದು ಸಭೆಯಲ್ಲಿ ಎರಡೇ ಸೆಮಿಸ್ಟರ್ ತೆಗೆದುಕೊಳ್ಳಿ. ಹಿಂದಿನ ಸಲ ನಾವು ಹೇಳಿದ್ದು ಏನಾಯಿತು ಅಂತ ಸಭೆಯ ಮೊದಲಿಗೇ ಓದಿ. ಅವರು ಸಿಟ್ಟಾಗಲಿಲ್ಲ. "ಮೇಡಂ, ಇದನ್ನೇ ಪತ್ರದಾಗ ಬರದ ಕೊಡ್ರಿ, ನಮಗೂ ಮ್ಯಾಲೆ ತೋರಸಾಕ ಅನುಕೂಲ ಆಗ್ತೈತಿ" ಅಂದರು. ಬರೆದುಕೊಟ್ಟೆ. ಎರಡನೇ ವರ್ಷದಿಂದ ಮೂರೂ ಜಾರಿಗೆ ಬಂದವು. ಹೊರಗಿನವರ ಮಾತಿಗೆ ಕಾಲೇಜು ಕಿವಿ ಕೊಡುವುದಿಲ್ಲ ಅನ್ನುವವರಿಗೆ ನಾನು ಇದನ್ನು ಹೇಳುತ್ತೇನೆ. ಬರೆದು ಕೊಡಿ, ಮಿನಿಟ್ಸ್‌ನಲ್ಲಿ, ಅಂದರೆ ಸಭೆಯ ನಡಾವಳಿಯಲ್ಲಿ, ಬರುವ ಹಾಗೆ ನೋಡಿಕೊಳ್ಳಿ.

ಇನ್ನು ಕ್ಯೂಪೋಲಾದ ಕಥೆ. ಇದನ್ನು ವಿವರವಾಗಿ ಹೇಳಬೇಕು, ಯಾಕೆಂದರೆ ಸಿಲೆಬಸ್ ಯಾಕೆ ಬದಲಾಗುವುದಿಲ್ಲ ಅಂತ ನನಗೆ ಗೊತ್ತಾಗಿದ್ದು ಇಲ್ಲೇ.

ಕ್ಯೂಪೋಲಾ ಅಂದರೆ ಕೋಕ್ ಹಾಕಿ ಕಬ್ಬಿಣ ಕರಗಿಸುವ ಎತ್ತರದ ಕುಲುಮೆ. ಅಪ್ಪಾಜಿ ಕಾಲದಲ್ಲಿ ನಮ್ಮಲ್ಲೂ ಇತ್ತು. ಕಿತ್ತು ಹಾಕಿ ಇಂಡಕ್ಷನ್ ಫರ್ನೇಸ್ ಕೂರಿಸಿ ಹದಿನೈದು ವರ್ಷ ಆಯಿತು. ಈಗ ನಮ್ಮ ಹುಡುಗರು ಕರೆಂಟಿನಲ್ಲಿ ಕರಗಿಸುತ್ತಾರೆ, ಒಂದು ಸ್ಯಾಂಪಲ್ ತೆಗೆದು ಸ್ಪೆಕ್ಟ್ರೋಮೀಟರಿಗೆ ಕೊಟ್ಟು ಕಾರ್ಬನ್, ಸಿಲಿಕಾನ್ ನೋಡಿಯೇ ಹೊಯ್ಯುತ್ತಾರೆ. ಕರಡಿನಲ್ಲಿ ಮಾತ್ರ ಕ್ಯೂಪೋಲಾಕ್ಕೆ ದೊಡ್ಡ ಜಾಗ, ಅದರ ವಲಯಗಳು, ಚಾರ್ಜ್ ಲೆಕ್ಕ, ಎಲ್ಲ. ಇಂಡಕ್ಷನ್ ಫರ್ನೇಸ್‌ಗೆ ಒಂದೇ ಪದ, ಪಟ್ಟಿಯ ಕೊನೆಗೆ. ಅದನ್ನು ತಿರುಗಿಸಿ ಹಾಕಿ ಅಂದೆ.

ಇಪ್ಪತ್ತು ವರ್ಷದಿಂದ ಆ ವಿಷಯ ಕಲಿಸುವ ಸರ್ ಒಬ್ಬರಿದ್ದಾರೆ. ತುಂಬಾ ಒಳ್ಳೆಯ ಮೇಷ್ಟ್ರು, ಬೋರ್ಡಿನ ಮೇಲೆ ಅವರು ಕ್ಯೂಪೋಲಾ ಬರೆದರೆ ಚಿತ್ರಕಾರ ಬರೆದ ಹಾಗಿರುತ್ತದೆ. ಅವರು ಮೆತ್ತಗೆ ಹೇಳಿದರು: "ಮೇಡಂರೀ, ಕ್ಯೂಪೋಲಾ ತಗದ್ರ ಹುಡುಗ್ರಿಗೆ ಹತ್ತು ಮಾರ್ಕ್ಸ್ ಹೋಗ್ತಾವ್ರಿ."

ನನಗೆ ಅರ್ಥ ಆಗಲಿಲ್ಲ. ಆಗ ಒಬ್ಬರು ಎಳೆಯ ಅಸಿಸ್ಟೆಂಟ್ ಪ್ರೊಫೆಸರ್ ಎದ್ದು ತಮ್ಮ ಚೀಲದಿಂದ ಕಾಗದ ತೆಗೆದರು. ಯಾರೂ ಹೇಳದೆಯೇ ಅವರು ಹಿಂದಿನ ಮೂರು ವರ್ಷದ ಪ್ರಶ್ನೆಪತ್ರಿಕೆ, ಉತ್ತರಪತ್ರಿಕೆಗಳನ್ನು ಕೂತು ನೋಡಿದ್ದರು. ಪ್ರಶ್ನೆಪತ್ರಿಕೆಯಲ್ಲಿ ಐದು ಮಾಡ್ಯೂಲ್, ಒಂದೊಂದರಿಂದ ಎರಡು ಪ್ರಶ್ನೆ, ಅದರಲ್ಲಿ ಒಂದಕ್ಕೆ ಉತ್ತರ ಬರೆಯಬೇಕು. ಎರಕದ ಮಾಡ್ಯೂಲಿನಲ್ಲಿ ಮೂರು ವರ್ಷವೂ ಒಂದು ಪ್ರಶ್ನೆ ಕ್ಯೂಪೋಲಾ ಚಿತ್ರ ಬರೆದು ವಿವರಿಸಿ ಅಂತ. ಇನ್ನೊಂದು ಮರಳಿನ ಪರೀಕ್ಷೆ ಅಥವಾ ದೋಷಗಳ ಬಗ್ಗೆ. ಹೆಚ್ಚುಕಡಿಮೆ ಇಡೀ ಕ್ಲಾಸು ಕ್ಯೂಪೋಲಾ ಬರೆದಿತ್ತು. ಮರಳು, ದೋಷ ಮುಟ್ಟಿದವರು ಕೈಬೆರಳಲ್ಲಿ ಎಣಿಸುವಷ್ಟು. ಅಂದರೆ ಸಿಲೆಬಸ್‌ನಲ್ಲಿ ಮರಳು ಇದೆ, ಕ್ಲಾಸಿನಲ್ಲೂ ಮರಳು ಆಗಿದೆ, ಹುಡುಗ ಮಾತ್ರ ಮರಳು ಓದದೇ ಪಾಸಾಗಿದ್ದಾನೆ. ಅಂಥ ಹುಡುಗನೇ ನಮ್ಮಲ್ಲಿ ಕೆಲಸಕ್ಕೆ ಬಂದು ಮೋಲ್ಡಿಂಗ್ ಮೇಸ್ತ್ರಿ ಮುಂದೆ ಕೈಕಟ್ಟಿ ನಿಲ್ಲುತ್ತಾನೆ.

ಹೀಗೆ ಬಂದ ಒಬ್ಬ ಹುಡುಗ ನನಗೆ ಚೆನ್ನಾಗಿ ನೆನಪಿದ್ದಾನೆ. ಮಾರ್ಕ್ಸ್ ಬಹಳ ಚೆನ್ನಾಗಿದ್ದವು. ಅಚ್ಚು ಮಾಡುವ ಹಸಿಮರಳಿನಲ್ಲಿ ಏನೇನು ಇರುತ್ತದೆ ಅಂತ ಕೇಳಿದರೆ ತಪ್ಪಿಲ್ಲದೆ ಹೇಳಿದ: ಸಿಲಿಕಾ ಮರಳು, ಬೆಂಟೊನೈಟ್, ಕಲ್ಲಿದ್ದಲ ಪುಡಿ, ನೀರು. ಹಾಗೇ ಶೆಡ್ಡಿಗೆ ಕರೆದುಕೊಂಡು ಹೋದೆ. ನಮ್ಮ ಮೇಸ್ತ್ರಿ ಕಾಕಾ ಒಂದು ಹಿಡಿ ಮರಳು ತೆಗೆದು ಮುಷ್ಟಿಯಲ್ಲಿ ಒತ್ತಿದರು, ಉಂಡೆಯನ್ನು ಎರಡು ತುಂಡು ಮಾಡಿ ಅಂಚು ತೋರಿಸಿದರು. "ಅಕ್ಕಾರ, ಇವತ್ತ ನೀರ ಜಾಸ್ತಿ ಆಗೈತ್ರಿ" ಅಂದರು. ಅಂಗೈಗೆ ಮರಳು ಅಂಟಿತ್ತು. ಹುಡುಗ ಆ ಅಂಗೈಯನ್ನೇ ನೋಡುತ್ತಾ ನಿಂತ. ನೀರು ಜಾಸ್ತಿ ಆದರೆ 1,300 ಡಿಗ್ರಿ ದಾಟಿದ ಲೋಹ ಬಿದ್ದ ತಕ್ಷಣ ಆವಿ ಏಳುತ್ತದೆ, ಹೊರಗೆ ಹೋಗಲು ದಾರಿ ಸಿಗದೆ ಲೋಹದೊಳಗೇ ಸಿಕ್ಕಿಕೊಳ್ಳುತ್ತದೆ. ಅದೇ ಬ್ಲೋಹೋಲ್. ಇದೆಲ್ಲ ಅವನು ಓದಬೇಕಾಗಿತ್ತು. ಹುಡುಗ ದಡ್ಡನಲ್ಲ. ನಮ್ಮಲ್ಲಿ ಆರು ತಿಂಗಳಲ್ಲಿ ಎಲ್ಲ ಕಲಿತ. ಆ ಆರು ತಿಂಗಳು ಕಾಲೇಜಿನಲ್ಲೇ ಆಗಬಹುದಿತ್ತು, ಅಲ್ವಾ?

ಸಭೆಯಲ್ಲಿ ಇದನ್ನು ಹೇಳಿದೆ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಇನ್ನೊಂದು ನಿಜ ಹೇಳಿದರು. ಅಷ್ಟು ತಾಸು ತೆಗೆದರೆ ಒಬ್ಬರ ವರ್ಕ್‌ಲೋಡ್ ಕಡಿಮೆಯಾಗುತ್ತದೆ. ವರ್ಕ್‌ಲೋಡ್ ಕಡಿಮೆಯಾದರೆ ಮೊದಲು ಕೆಲಸ ಹೋಗುವುದು ತಾತ್ಕಾಲಿಕವಾಗಿ ಇರುವವರದ್ದು. ಹೊರಗಿನಿಂದ ಬರುವ ನಮಗೆ ಇದು ಕಾಣುವುದಿಲ್ಲ. ನಾವು ಸುಲಭವಾಗಿ "ಹಳೆಯದು, ತೆಗೆಯಿರಿ" ಅನ್ನುತ್ತೇವೆ, ಅವರಿಗೆ ಅದು ಪಕ್ಕದಲ್ಲಿ ಕೂತ ಸಹೋದ್ಯೋಗಿಯ ಸಂಬಳ. ಅದಕ್ಕೇ ಪ್ರತಿ ವರ್ಷ ಹೊಸದು ಸೇರುತ್ತದೆ, ಹಳೆಯದು ಹೋಗುವುದಿಲ್ಲ, ಕೊನೆಗೆ ಯಾವುದನ್ನೂ ಪೂರ್ತಿ ಕಲಿಸಲು ಆಗುವುದಿಲ್ಲ.

ಸೇರಿಸುತ್ತಾ ಹೋಗಲು ಜಾಗವಾದರೂ ಎಲ್ಲಿದೆ? ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಮಂಡಳಿ ಎಐಸಿಟಿಇ 2018ರಲ್ಲಿ ಕೊಟ್ಟ ಮಾದರಿ ಪಠ್ಯಕ್ರಮದಲ್ಲಿ ನಾಲ್ಕು ವರ್ಷಕ್ಕೆ 160 ಕ್ರೆಡಿಟ್. ವಿಟಿಯುದ 2018ರ ಸ್ಕೀಮ್ 175 ಇತ್ತು, ಆಮೇಲಿನ ಸ್ಕೀಮ್ 160ಕ್ಕೆ ಇಳಿಯಿತು. ವಾರಕ್ಕೆ ಒಂದು ತಾಸು ಪಾಠ ಒಂದು ಕ್ರೆಡಿಟ್, ಎರಡು ತಾಸು ಲ್ಯಾಬ್ ಒಂದು ಕ್ರೆಡಿಟ್. ಇದರೊಳಗೇ ಗಣಿತ, ಭೌತಶಾಸ್ತ್ರ, ಸಂವಿಧಾನ, ಸಾಂಸ್ಕೃತಿಕ ಕನ್ನಡ ಅಥವಾ ಬಳಕೆ ಕನ್ನಡ, ಇಂಟರ್ನ್‌ಶಿಪ್, ಪ್ರಾಜೆಕ್ಟ್ ಎಲ್ಲ ಬರಬೇಕು. ಕನ್ನಡದ ವಿಷಯ ಉಳಿದಿರುವುದು ನನಗೆ ಸಂತೋಷ. ನಮ್ಮ ಶೆಡ್ಡಿನಲ್ಲಿ ಕನ್ನಡ, ಮರಾಠಿ ಎರಡೂ ಬಾರದವನು ಮೇಸ್ತ್ರಿ ಹತ್ತಿರ ಏನೂ ಕಲಿಯಲಾರ. ಹೊಸದಾಗಿ ಡೇಟಾ ಸೈನ್ಸ್, ಎಐ ಬೇಕು ಅಂತ ಎಲ್ಲರೂ ಹೇಳುತ್ತಾರೆ. ನಾನೂ ಬೇಡ ಅನ್ನಲಿಲ್ಲ. ನಮ್ಮ ರಿಜೆಕ್ಷನ್ ಲೆಕ್ಕವನ್ನೇ ಕೊಡುತ್ತೇನೆ, ಅದರ ಮೇಲೆ ಹುಡುಗರು ಅಭ್ಯಾಸ ಮಾಡಲಿ ಅಂದೆ.

ಕೊನೆಗೆ ದಾರಿ ಹುಡುಕಿದ್ದು ಆ ಎಳೆಯ ಮೇಷ್ಟ್ರೇ. ಕ್ಯೂಪೋಲಾದ ಪಾಠದ ತಾಸುಗಳನ್ನು ಲ್ಯಾಬ್ ತಾಸು ಮಾಡೋಣ ಅಂದರು. ಪಾಠದ ಒಂದು ಕ್ರೆಡಿಟ್ ಲ್ಯಾಬಿನಲ್ಲಿ ಎರಡು ತಾಸು ಆಗುತ್ತದೆ, ಹಾಗಾಗಿ ಯಾರ ವರ್ಕ್‌ಲೋಡೂ ಇಳಿಯುವುದಿಲ್ಲ. ಹುಡುಗರ ಕೈಗೆ ಮರಳು ಬರುತ್ತದೆ. ಹಿರಿಯ ಸರ್ ತಾವೇ ಲ್ಯಾಬ್ ತೆಗೆದುಕೊಳ್ಳುತ್ತೇನೆ ಅಂದರು. ಆ ಮಧ್ಯಾಹ್ನ ನನಗೆ ನಿಜವಾಗಿ ಖುಷಿಯಾಯಿತು. ಕ್ಯೂಪೋಲಾ ಪೂರ್ತಿ ಹೋಗಲಿಲ್ಲ, ಒಂದು ತಾಸು ಉಳಿಯಿತು. ಇರಲಿ, ಅಪ್ಪಾಜಿಯೂ ಅದರಲ್ಲೇ ಬೆಳೆದವರು.

ಅಕಾಡೆಮಿಕ್ ಕೌನ್ಸಿಲ್ ಬಗ್ಗೆಯೂ ಒಂದು ಮಾತು. ಅದು ಸುಮ್ನೆ ಠಸ್ಸೆ ಒತ್ತುವ ಜಾಗ ಅಂತ ನಾನು ಅಂದುಕೊಂಡಿದ್ದೆ. ಅಲ್ಲಿ ಪ್ರಿನ್ಸಿಪಾಲರು, ಎಲ್ಲ ವಿಭಾಗದ ಮುಖ್ಯಸ್ಥರು, ಹೊರಗಿನ ತಜ್ಞರು, ವಿಶ್ವವಿದ್ಯಾಲಯದ ಪ್ರತಿನಿಧಿಗಳು ಇರುತ್ತಾರೆ. ಮಂಡಳಿ ಕಳಿಸಿದ್ದನ್ನು ಒಪ್ಪದಿದ್ದರೆ ಕಾರಣ ಕೊಟ್ಟು ವಾಪಸು ಕಳಿಸಬಹುದು ಅಂತ ನಿಯಮದಲ್ಲೇ ಇದೆ. ನಮ್ಮ ಹೊಸ ಲ್ಯಾಬ್ ವಾಪಸು ಬಂತು. ಕಾರಣ ಎರಡೇ ಸಾಲು: ಲ್ಯಾಬ್ ಮೂರನೇ ಸೆಮಿಸ್ಟರಿನಲ್ಲಿದೆ, ಕಬ್ಬಿಣ-ಕಾರ್ಬನ್ ಚಿತ್ರ ಕಲಿಸುವ ಲೋಹಶಾಸ್ತ್ರ ನಾಲ್ಕನೆಯದರಲ್ಲಿದೆ. ಅದು ಗೊತ್ತಿಲ್ಲದೆ ಹುಡುಗ ಕಾರ್ಬನ್ ಈಕ್ವಿವಲೆಂಟ್, ಅಂದರೆ ಕಬ್ಬಿಣದ ಕಾರ್ಬನ್, ಸಿಲಿಕಾನ್ ಸೇರಿಸಿ ನೋಡುವ ಲೆಕ್ಕ, ಹೇಗೆ ಮಾಡಬೇಕು? ಇದನ್ನು ಹಿಡಿದಿದ್ದು ಸಿವಿಲ್ ವಿಭಾಗದ ಮೇಡಂ ಅಂತ ಆಮೇಲೆ ಗೊತ್ತಾಯಿತು. ಮೆಕ್ಯಾನಿಕಲ್‌ನವರು ಅಷ್ಟು ಜನ ಕೂತಿದ್ದೆವು, ನಾನೂ ಇದ್ದೆ, ಒಬ್ಬರಿಗೂ ಕಂಡಿರಲಿಲ್ಲ. ಎರಡು ಸೆಮಿಸ್ಟರಿನ ವಿಷಯ ಅದಲು ಬದಲು ಮಾಡಿ ಮತ್ತೆ ಕಳಿಸಿದೆವು. ಈ ಎರಡನೇ ಕಣ್ಣಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಕಡಿಮೆ ಅಂಕ ಕೊಡಬೇಕಾದದ್ದು ಫೀಡ್‌ಬ್ಯಾಕ್‌ಗೆ. ವಿದ್ಯಾರ್ಥಿಗಳು, ಅಧ್ಯಾಪಕರು, ಹಳೆಯ ವಿದ್ಯಾರ್ಥಿಗಳು, ಕೆಲಸ ಕೊಡುವವರು, ಎಲ್ಲರಿಂದ ಅಭಿಪ್ರಾಯ ತೆಗೆದುಕೊಳ್ಳಬೇಕು ಅಂತ ಕಾಲೇಜುಗಳ ಗುಣಮಟ್ಟ ನೋಡುವ ನ್ಯಾಕ್ ಕೇಳುತ್ತದೆ. ಕಾಲೇಜು ಫಾರ್ಮ್ ಕಳಿಸುತ್ತದೆ. "ಪಠ್ಯಕ್ರಮ ಉದ್ಯಮಕ್ಕೆ ಅನುಗುಣವಾಗಿದೆಯೇ?" ಐದು ಗುಂಡಿ, ಒಂದನ್ನು ಒತ್ತಬೇಕು. ಎಲ್ಲರೂ ನಾಲ್ಕು ಅಥವಾ ಐದು ಒತ್ತುತ್ತಾರೆ. ಅದರಿಂದ ಒಂದು ಬಣ್ಣದ ಚಾರ್ಟ್ ಆಗುತ್ತದೆ, ಸಭೆಯಲ್ಲಿ ಅರ್ಧ ನಿಮಿಷ ಕಾಣುತ್ತದೆ. ಮಂಡಳಿಯಲ್ಲಿ ಈಗ ಓದುತ್ತಿರುವ ವಿದ್ಯಾರ್ಥಿಗೆ ಕುರ್ಚಿಯೂ ಇಲ್ಲ. ಕಳೆದ ವರ್ಷ ನಾನು ಕೇಳಿಕೊಂಡ ಮೇಲೆ ಕೊನೆಯ ವರ್ಷದ ನಾಲ್ಕು ಜನರನ್ನು ಅರ್ಧ ತಾಸು ಕೂರಿಸಿದರು. ಒಬ್ಬಳು ಹುಡುಗಿ ಹೇಳಿದಳು: "ಮೇಡಂ, ಲ್ಯಾಬ್ ಮೊದಲು ಆಗ್ತದ, ಅದರ ಥಿಯರಿ ಎರಡು ತಿಂಗಳು ಬಿಟ್ಟು ಬರ್ತದ. ನಾವು ಏನ್ ಮಾಡಕತ್ತೀವಿ ಅಂತ ಗೊತ್ತಿಲ್ಲದ ರೀಡಿಂಗ್ ಬರೀತೀವಿ." ಇದು ಯಾವ ಗುಂಡಿಯಲ್ಲೂ ಬರುವುದಿಲ್ಲ. ಟೈಮ್‌ಟೇಬಲ್ ತಿದ್ದಲು ಯಾವ ಕೌನ್ಸಿಲ್ಲೂ ಬೇಕಾಗಲಿಲ್ಲ, ಮುಂದಿನ ಸೆಮಿಸ್ಟರಿಗೇ ಸರಿಹೋಯಿತು.

ನಮ್ಮ ಇಂಜಿನಿಯರಿಂಗ್ ಕಡೆ ಬದಲಾವಣೆ ನಿಧಾನ ಅಂತ ನಾನು ಹೇಳಿದರೆ, ಡಿಗ್ರಿ ಕಾಲೇಜಿನ ಕಡೆ ಬೇರೆಯದೇ ಕಷ್ಟ. ನಮ್ಮ ಮನೆಯ ಮಕ್ಕಳಿಬ್ಬರೂ ಒಂದೇ ಕಾಲೇಜಿನಲ್ಲಿ ಬಿಕಾಂ ಸೇರಿದವರು. ಅಕ್ಕ 2022ರಲ್ಲಿ, ತಮ್ಮ 2024ರಲ್ಲಿ. ಅಕ್ಕನದು ರಾಷ್ಟ್ರೀಯ ಶಿಕ್ಷಣ ನೀತಿಯ ಸಿಲೆಬಸ್. ಕರ್ನಾಟಕ ಅದನ್ನು 2021-22ರಲ್ಲಿ ತಂದಿತ್ತು. ತಮ್ಮ ಸೇರುವ ವರ್ಷ ರಾಜ್ಯ ಅದನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಅಕ್ಕನ ನೋಟ್ಸ್ ತಮ್ಮನಿಗೆ ಉಪಯೋಗಕ್ಕೆ ಬರಲಿಲ್ಲ, ಕಪಾಟಿನಲ್ಲಿ ಹಾಗೇ ಇವೆ. ಅಷ್ಟು ಕಡಿಮೆ ಸಮಯದಲ್ಲಿ ಎರಡು ಸಲ ಇಡೀ ಸಿಲೆಬಸ್ ಬರೆದ ಅಧ್ಯಾಪಕರ ಶ್ರಮ ನೆನೆಸಿಕೊಂಡರೆ ನನಗೆ ಮರುಕ ಆಗುತ್ತದೆ. ಬರೆದದ್ದು ಹೇಗೆ ನಡೆಯಿತು ಅಂತ ಒಂದು ಬ್ಯಾಚ್ ನಾಲ್ಕು ವರ್ಷ ಓದಿ ನೋಡುವ ಮೊದಲೇ ಹೊಸದು ಬರೆಯಬೇಕಾಯಿತು.

ಒಟ್ಟಿನಲ್ಲಿ ಐದಕ್ಕೆ ಮೂರೂವರೆ ಕೊಡುತ್ತೇನೆ. ಮೊದಲ ವರ್ಷ ಕೇಳಿದ್ದರೆ ಎರಡು ಕೊಡುತ್ತಿದ್ದೆ. ಕರೆ ಬಂದ ನಮ್ಮ ಉದ್ಯಮಬಾಗದವರು ಖಂಡಿತ ಹೋಗಿ. ಹೋಗುವ ಮೊದಲು ಕರಡು ಕೇಳಿ ಪಡೆಯಿರಿ, ಜೊತೆಗೆ ಹಿಂದಿನ ಮೂರು ವರ್ಷದ ಪ್ರಶ್ನೆಪತ್ರಿಕೆಗಳನ್ನೂ ಕೇಳಿ. ಸಿಲೆಬಸ್‌ಗಿಂತ ಜಾಸ್ತಿ ಅವೇ ಹೇಳುತ್ತವೆ. ಏನನ್ನಾದರೂ ಸೇರಿಸಿ ಅನ್ನುವಾಗ ಯಾವುದನ್ನು ತೆಗೆಯಬೇಕು ಅಂತಲೂ ನೀವೇ ಹೇಳಿ, ಆ ತಾಸುಗಳು ಯಾರವು ಅಂತಲೂ ಕೇಳಿ. ತಂದೆತಾಯಿಗಳಿಗೆ ಒಂದು ಮಾತು: ಸ್ವಾಯತ್ತ ಕಾಲೇಜುಗಳು ಬಿಓಎಸ್ ಮಿನಿಟ್ಸ್‌ಗಳನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕುವುದುಂಟು. ತೆಗೆದು ನೋಡಿ. ಎಲ್ಲ ಸಭೆಯಲ್ಲೂ "ಚರ್ಚಿಸಿ ಅನುಮೋದಿಸಲಾಯಿತು" ಅಂತ ಒಂದೇ ಸಾಲು ಇದ್ದರೆ ಪ್ರಿನ್ಸಿಪಾಲರನ್ನು ಕೇಳಿ, ಏನು ಚರ್ಚೆ ಆಯಿತು ಅಂತ.

ಹೊಸ ಲ್ಯಾಬ್ ಈ ವರ್ಷ ಶುರುವಾಗಿದೆ. ಹೋದ ತಿಂಗಳು ಹೋಗಿ ನೋಡಿದೆ. ಹುಡುಗರು ಮರಳಿನ ಮಾದರಿ ಮಾಡುತ್ತಿದ್ದರು, ಎರಡಿಂಚು ಅಗಲ, ಎರಡಿಂಚು ಎತ್ತರ, ರ್‍ಯಾಮರಿನಲ್ಲಿ ಮೂರು ಏಟು. ಹಿರಿಯ ಸರ್ ಶರ್ಟಿನ ತೋಳು ಮಡಚಿಕೊಂಡು ಒಬ್ಬೊಬ್ಬರ ಅಂಗೈ ನೋಡುತ್ತಿದ್ದರು. ನನ್ನನ್ನು ಕಂಡು, "ಮೇಡಂರೀ, ಬ್ಲೋಹೋಲ್ ಇದ್ದ ತುಂಡು ಒಂದ್ ನಾಕ್ ಕಳಸ್ರಿ, ಹುಡುಗ್ರು ಕೊಯ್ದು ನೋಡ್ಲಿ" ಅಂದರು. ನಮ್ಮಲ್ಲಿ ರಿಜೆಕ್ಟ್ ಆದದ್ದೆಲ್ಲ ಮತ್ತೆ ಫರ್ನೇಸಿಗೆ ಹೋಗುತ್ತದೆ. ಈಗ ಒಂದು ಡಬ್ಬಿ ಬೇರೆ ಇಟ್ಟಿದ್ದೇವೆ. ಮೇಸ್ತ್ರಿ ಕಾಕಾ ಒಳ್ಳೊಳ್ಳೆಯ ದೋಷದ ತುಂಡು ಆರಿಸಿ ಅದರಲ್ಲಿ ಹಾಕುತ್ತಾರೆ, ಪ್ರತಿಯೊಂದಕ್ಕೂ ಯಾವ ದಿನ ಹೊಯ್ದದ್ದು, ಆ ದಿನ ಮರಳಿನಲ್ಲಿ ನೀರು ಎಷ್ಟಿತ್ತು ಅಂತ ಚೀಟಿ ಕಟ್ಟುತ್ತಾರೆ. ಮುಂದಿನ ಸಭೆಗೆ ಆ ಡಬ್ಬಿ ತೆಗೆದುಕೊಂಡು ಹೋಗುತ್ತೇನೆ.